ಹಲ್ಲಮ್ಮನ ಹಿಂಗಾವಲು

ಯಾರ್ರೀ ಅದು, ಗ್ರೂಪಲ್ಲಿ "ಅಜ್ಜನಿಗೆ ಮರೆವು, ಉಪ್ಪು ಖಾರ ಹಚ್ಚಿ ಹೇಳ್ತಾರೆ" ಅಂತ ಬರೆದಿರೋದು? ಆಮೇಲೆ ಅಳಿಸಿಬಿಟ್ರೆ ನಾನು ನೋಡಿಲ್ಲ ಅಂದ್ಕೊಂಡ್ರಾ? ಕನ್ನಡಕ ಎಲ್ಲಿಟ್ಟೆ ಅಂತ ಕೇಳಿ, ಗೊತ್ತಿಲ್ಲ ಅಂತೀನಿ. ನಿಮ್ಮ ಮದುವೆಗೆ ಬಂದಿದ್ನಾ ಅಂತ ಕೇಳಿ, ಊಟ ಚೆನ್ನಾಗಿದ್ದಿದ್ರೆ ಮಾತ್ರ ನೆನಪಿರತ್ತೆ. ಆದ್ರೆ ಹಲ್ಲಮ್ಮ ದೊಡ್ಡ ಕಾಳಗಕ್ಕೆ ಬಂದ ದಿನ ಮೇಜಿನ ಯಾವ ಮೂಲೇಲಿ ಯಾವ ಕುದುರೆ ಇತ್ತು, ಯಾವನ ಟೀ ಲೋಟ ಗುಡ್ಡದ ಮೇಲೆ ಕೂತಿತ್ತು, ಕಣ್ಮುಚ್ಚಿ ಹೇಳ್ತೀನಿ. ನಿಮ್ಮಲ್ಲಿ ಅರ್ಧ ಜನ ಅವತ್ತು ಹುಟ್ಟೇ ಇರಲಿಲ್ಲ. ಅದಕ್ಕೇ ಬಾಯಿ ಮುಚ್ಕೊಂಡು ಕೇಳಿ.

ಹಲ್ಲಮ್ಮ ಅಂದ್ರೆ ಹಲ್ಲುಸೆಟ್ಟು ಮಾಡೋಳು. ದಂತವೈದ್ಯರು ಅಚ್ಚು ತೆಗೆದು ಕಳಿಸೋರು, ಇವಳು ತನ್ನ ಕೋಣೇಲಿ ಕೂತು ಪ್ಲಾಸ್ಟರು ಕಲಸಿ, ಮೇಣ ಕರಗಿಸಿ, ಒಂದೊಂದೇ ಹಲ್ಲು ಜೋಡಿಸಿ ಬಾಯಿ ತುಂಬೋಳು. ಆ ಊರಲ್ಲಿ ವಯಸ್ಸಾದೋರು ಯಾರಾದ್ರೂ ನಕ್ರೆ, ಅದು ಹಲ್ಲಮ್ಮನ ಕೈಕೆಲಸ ಅಂತ ತಿಳ್ಕೊಳ್ಳಿ. ಅವಳ ಗಂಡ ಲಿಫ್ಟ್ ರಿಪೇರಿ ಮಾಡೋನು. ಎಲ್ರೂ ಲಿಫ್ಟಣ್ಣ ಅನ್ನೋರು. ವಾರವೆಲ್ಲ ಗ್ರೀಸು, ಭಾನುವಾರ ಮಾತ್ರ ಯುದ್ಧ.

ಯುದ್ಧ ಅಂದ್ರೆ ಗಾಬರಿ ಬೀಳಬೇಡಿ. ಟೈರು ಅಂಗಡಿ ಮೇಲಿನ ಮಹಡೀಲಿ ಇವರದ್ದೊಂದು ಕ್ಲಬ್ಬು. ಮೆಟ್ಟಿಲು ಹತ್ತಿದ್ರೆ ರಬ್ಬರು ವಾಸನೆ, ಒಳಗೆ ಹೋದ್ರೆ ವಾರ್ನಿಷು ವಾಸನೆ. ಎರಡು ಟೇಬಲ್ ಟೆನಿಸ್ ಮೇಜು ಜೋಡಿಸಿ, ಅದರ ಮೇಲೆ ಹಸಿರು ಬಟ್ಟೆ, ಥರ್ಮೋಕೋಲಿನ ಗುಡ್ಡ, ಬಣ್ಣ ಹಾಕಿದ ಮರದ ಪುಡಿ ಉದುರಿಸಿ ಹುಲ್ಲು, ವಾರ್ನಿಷು ಬಳಿದು ನದಿ. ಇನ್ನೂರು ವರ್ಷದ ಹಿಂದೆ ನಡೆದ ಒಂದು ಕಾಳಗವನ್ನ ಪುಸ್ತಕ ನೋಡಿ ಹಾಗೇ ಹೂಡೋರು. ಸೀಸದ ಸಿಪಾಯಿಗಳು, ಒಬ್ಬೊಬ್ಬ ನಿಮ್ಮ ಹೆಬ್ಬೆರಳಿಗಿಂತ ಗಿಡ್ಡ. ಟೇಪು ಹಿಡಿದು ಅಳೆದು ನಡೆಸಬೇಕು, ದಾಳ ಉರುಳಿಸಿ ಹೊಡೆದಾಡಬೇಕು. ಬೊಂಬೆ ಅಂದ್ರೋ, ಲಿಫ್ಟಣ್ಣ ಕಾಲು ಕೆರೆದು ಜಗಳಕ್ಕೆ ಬರೋನು. ಬೊಂಬೆಗೆ ಅಂಗಿ ಗುಂಡಿ ಇರತ್ತಾ, ಬೂಟಿಗೆ ಕೆಸರು ಅಂಟಿರತ್ತಾ, ತೋರ್ಸಿ ಅನ್ನೋನು. ಅವನ ಸಿಪಾಯಿಗಳಿಗೆ ಎರಡೂ ಇರೋದು. ನಾನೇ ಭೂತಗನ್ನಡಿ ಹಿಡಿದು ನೋಡಿದೀನಿ. ಒಂದೇ ಕೂದಲಿನ ಕುಂಚದಲ್ಲಿ ಗುಂಡಿಗೊಂದು ಹೊಳಪು ಇಟ್ಟಿದ್ದ ಪುಣ್ಯಾತ್ಮ.

ವರ್ಷಕ್ಕೊಂದು ಸಲ ದೊಡ್ಡ ಕಾಳಗ. ಅದು ಸೇತುವೆ ಕಾಳಗ. ನೀಲಿ ಕೋಟಿನೋರು ಸೋತು ಹಿಂದೆ ಸರೀತಾ ಇರ್ತಾರೆ, ನದಿಗೆ ಒಂದೇ ಸೇತುವೆ. ಉಳಿದೋರು ದಾಟೋವರೆಗೂ ಸೇತುವೆ ಬಾಯಲ್ಲಿ ನಿಂತು ತಡೆಯೋಕೆ ಒಂದು ಹಿಂಗಾವಲು ಪಡೆ. ಕೆಂಪು ಕೋಟಿನೋರು ಬೆನ್ನಟ್ಟಿ ಬರ್ತಾರೆ. ನಿಜವಾದ ಯುದ್ಧದಲ್ಲಿ ಏನಾಯ್ತು ಅಂದ್ರೆ, ನೀಲಿ ಸೇನಾಪತಿ ದಾಟಿಕೊಂಡು ಸೇತುವೆ ಸುಟ್ಟುಬಿಟ್ಟ. ಹಿಂಗಾವಲಿನೋರು ಆ ಕಡೇನೇ ಉಳಿದ್ರು, ಒಬ್ಬನೂ ವಾಪಸ್ ಬರಲಿಲ್ಲ. ಲಿಫ್ಟಣ್ಣ ಪ್ರತಿ ವರ್ಷ ನೀಲಿ ಕಡೆ. ಗೆದ್ದೋರಿಗೆ ಬಣ್ಣ ಹಚ್ಚೋಕೆ ಜನ ಇದಾರೆ, ಸೋತೋರಿಗೆ ಯಾರಿದಾರೆ ಅನ್ನೋನು. ಕೆಂಪು ಕಡೆ ಅವನ ತಮ್ಮ, ಔಷಧಿ ಅಂಗಡಿಯೋನು, ಅಂದ್ರೆ ಹಲ್ಲಮ್ಮನ ಮೈದುನ. ನಡುವೆ ತೀರ್ಪು ಹೇಳೋಕೆ ಮೇಷ್ಟ್ರು, ಶಾಲೇಲಿ ಲೆಕ್ಕ ಹೇಳ್ಕೊಡೋರು. ಅವರು ಹೇಳಿದ್ದೇ ಕೊನೆ.

ಒಂದು ಬೇಸಿಗೇಲಿ ಲಿಫ್ಟಣ್ಣ ಹೋಗ್ಬಿಟ್ಟ. ಬೆಳಿಗ್ಗೆ ಬೂಟು ಹಾಕ್ಕೋತಾ ಇದ್ದೋನು ಹಾಗೇ ಒರಗಿದ, ಅಷ್ಟೇ.

ಸ್ವಲ್ಪ ದಿನ ಬಿಟ್ಟು ಮೈದುನ, ಮೇಷ್ಟ್ರು ಇಬ್ರೂ ಮನೆಗೆ ಬಂದ್ರು. ಬಂದೋರು ಕುರ್ಚಿ ತುದೀಲಿ ಕೂತು, ಗಂಟಲು ಸರಿ ಮಾಡ್ಕೊಂಡು, ವಿಷಯಕ್ಕೆ ಬರದೇ ಹವಾಮಾನ ಎಲ್ಲಾ ಮುಗಿಸಿದ್ರು. ಆಮೇಲೆ ಬಾಯಿಬಿಟ್ರು. ಕ್ಲಬ್ಬಿನ ಪದ್ಧತಿ ಒಂದಿದೆ: ಯಜಮಾನ ಇಲ್ಲದ ಸೈನ್ಯ ಬೀರು ಸೇರಬಾರದು. ಮುಂದಿನ ದೊಡ್ಡ ಕಾಳಗದ ಹೊತ್ತಿಗೆ ನಡೆಸೋರು ಯಾರೂ ಬರದಿದ್ರೆ, ಸದಸ್ಯರೆಲ್ಲ ಹಂಚ್ಕೋತಾರೆ. ಕುದುರೆ ಒಬ್ಬನಿಗೆ, ಫಿರಂಗಿ ಇನ್ನೊಬ್ಬನಿಗೆ. ಮೇಜಿನ ಮೇಲೆ ಓಡಾಡ್ಕೊಂಡಿದ್ರೆ ಬದುಕಿದ ಹಾಗೆ, ಗಾಜಿನ ಹಿಂದೆ ಕೂತ್ರೆ ಸತ್ತ ಹಾಗೆ. ಈ ಪದ್ಧತಿ ಮಾಡಿದ್ದು ಯಾರು? ಲಿಫ್ಟಣ್ಣನೇ.

ಮೈದುನನಿಗೆ ಅಣ್ಣನ ಕುದುರೆ ಪಡೆ ಮೇಲೆ ಮೊದಲಿಂದ್ಲೂ ಕಣ್ಣು. ಕೆಟ್ಟ ಕಣ್ಣಲ್ಲ, ಆಸೆಗಣ್ಣು. ಚಿನ್ನದ ಎಳೆ ಹಾಕಿದ ಕೋಟು, ಬೆವರಿದ ಕುದುರೆ ಕತ್ತು, ಅಂಥದ್ದು ಅವನ ಕೈಲಿ ಈ ಜನ್ಮಕ್ಕೆ ಆಗ್ತಿರಲಿಲ್ಲ. ಚೆನ್ನಾಗಿ ನೋಡ್ಕೋತೀನಿ ಅತ್ತಿಗೆ ಅಂದ, ಮನಸಾರೆ ಅಂದ.

ಹಲ್ಲಮ್ಮ ಬೀರು ಕಡೆ ನೋಡಿದ್ಳು. ಅಲ್ಲಿ ಸಾಲಾಗಿ ನೀಲಿ ಸೈನ್ಯ.

"ಹಂಚೋದಾ? ಒಬ್ಬರ ಹಲ್ಲುಸೆಟ್ಟನ್ನ ನಾಲ್ಕು ಜನಕ್ಕೆ ಹಂಚ್ತಾರೇನಪ್ಪಾ? ನಿಂಗೆ ಮೇಲಿನ ಸಾಲು, ಮೇಷ್ಟ್ರಿಗೆ ದವಡೆ ಅಂತ?"

ಮೇಷ್ಟ್ರು ನಗು ತಡೆಯೋಕೆ ಕೆಮ್ಮಿದ್ರು.

ಹಂಚಬಾರದು ಅಂದ್ರೆ ಏನ್ಮಾಡ್ಬೇಕು ಅಂತ ಅವಳು ನೇರವಾಗಿ ಕೇಳಿದ್ಳು. ಮೇಷ್ಟ್ರು ಹೇಳಿದ್ರು: ಮನೆಯೋರು ಯಾರಾದ್ರೂ ಆ ಸೈನ್ಯವನ್ನ ದೊಡ್ಡ ಕಾಳಗಕ್ಕೆ ತಂದು ನಡೆಸಬೇಕು, ಗೆಲ್ಲಲೇಬೇಕು ಅಂತಿಲ್ಲ, ಕೊನೆ ಸುತ್ತಿನವರೆಗೂ ನಿಲ್ಲಬೇಕು. ಅರ್ಧಕ್ಕಿಂತ ಹೆಚ್ಚು ಪಡೆ ಬೆನ್ನು ತೋರಿಸಿ ಓಡಿದ್ರೆ ಸೇನಾಪತಿ ಔಟು, ಸೈನ್ಯ ಹಂಚಿಕೆಗೆ. ಇನ್ನೊಂದು ತೊಡಕು, ಬಣ್ಣ ಇಲ್ಲದ ಸಿಪಾಯಿ ಮೇಜಿಗೆ ಏರೋ ಹಾಗಿಲ್ಲ. ಹಿಂಗಾವಲಿನೋರು ಇನ್ನೂ ಬರೀ ಸೀಸ. ಲಿಫ್ಟಣ್ಣ ಅವರಿಗೆ ಬಣ್ಣವೇ ಹಚ್ಚಿರಲಿಲ್ಲ, ವರ್ಷ ವರ್ಷ ಅವರ ಬದಲಿಗೆ ಯಾರದ್ದೋ ಸಿಪಾಯಿಗಳನ್ನ ಕೈಗಡ ತಂದು ನಿಲ್ಲಿಸೋನು. ಇನ್ನು ಮೇಲೆ ಕೈಗಡ ನಡೆಯಲ್ಲ, ಸೈನ್ಯ ಪೂರ್ತಿ ಒಂದೇ ಮನೇದಿರಬೇಕು.

ಸರಿ, ಹಚ್ತೀನಿ ಅಂದ್ಳು. ಯುದ್ಧ ನಡೆಸೋಕೆ ಬರತ್ತಾ ಅತ್ತಿಗೆ ಅಂತ ಮೈದುನ ಮೆಲ್ಲಗೆ ಕೇಳಿದ. ನಿಮ್ಮಣ್ಣನ ಜೊತೆ ಸಂಸಾರ ಮಾಡಿದೀನಿ, ಇನ್ನೇನು ಬರಬೇಕು ಅಂದ್ಳು.

ಕೆಲಸಕ್ಕೆ ಮುಂಚೆ, ಬೆಳಗಿನ ಬೆಳಕಲ್ಲಿ, ಕಿಟಕಿ ಹತ್ರ ಕೂರೋಳು. ಹಲ್ಲಿಗೆ ಬಣ್ಣ ಹಚ್ಚೋ ಕುಂಚ, ಹಲ್ಲು ಹಿಡಿಯೋ ಚಿಮಟ, ಹಣೆಗೆ ಕಟ್ಟೋ ಭೂತಗನ್ನಡಿ, ಎಲ್ಲಾ ಕೈಯಳತೇಲಿ. ಸಿಪಾಯಿಯನ್ನ ಒಂದು ಹಳೇ ಬಿರಡೆಗೆ ಅಂಟಿಸಿ, ಕೈ ಮೇಜಿಗೆ ಊರಿ, ಕುಂಚ ಅಲ್ಲಾಡಿಸದೆ ಸಿಪಾಯಿನೇ ತಿರುಗಿಸೋಳು. ಅದು ಅವಳ ಕಸುಬಿನ ಅಭ್ಯಾಸ. ಗಂಡನ ಸಿಪಾಯಿ ಒಂದನ್ನ ಪಕ್ಕದಲ್ಲಿಟ್ಟುಕೊಂಡು ಅದೇ ನೀಲಿ, ಅದೇ ಬಿಳಿ ಪಟ್ಟಿ. ಮೊದಲ ಸಾಲು ಮುಗಿಸಿ ನೋಡಿದ್ರೆ ಗೆರೆ ಒಂದೂ ತಪ್ಪಿಲ್ಲ. ಮಗಳು ಕೂಡಾ, ಅಮ್ಮ ಅಪ್ಪನ್ನ ಮೀರಿಸಿಬಿಟ್ಟೆ ಅಂದ್ಳು.

ಮೈದುನ ಬಂದು ನೋಡಿ ಮುಖ ಸಪ್ಪೆ ಮಾಡ್ಕೊಂಡ. ಹೇಳೋಕೆ ಕಷ್ಟ, ಆದ್ರೂ ಹೇಳಿದ. ಕೈಯಲ್ಲಿ ಹಿಡಿದ್ರೆ ಚೆನ್ನಾಗಿದೆ ಅತ್ತಿಗೆ, ಮೇಜಿನ ಮೇಲಿಟ್ಟು ದೂರ ನಿಂತು ನೋಡಿ.

ಇಟ್ಟು ನೋಡಿದ್ಳು. ಗಂಡ ಹಚ್ಚಿದೋರು ಅಷ್ಟು ದೂರದಿಂದ ಮೂಗು ಕಣ್ಣು ಸಮೇತ ಎದ್ದು ನಿಂತಿದ್ರು. ಇವಳು ಹಚ್ಚಿದೋರು ಬರೀ ನೀಲಿ ಕೆಸರು.

ಎರಡು ದಿನ ಕುಂಚ ಮುಟ್ಟಲಿಲ್ಲ. ಆಮೇಲೆ ಗಂಡನ ಸಿಪಾಯಿಯನ್ನ ಭೂತಗನ್ನಡಿ ಕೆಳಗೆ ಹಿಡಿದು, ಹಲ್ಲಿನ ಸಂದು ನೋಡೋ ಹಾಗೆ ನೋಡಿದ್ಳು. ಹತ್ತಿರದಿಂದ ಅದು ಒರಟು ಕೆಲಸ! ಕೋಟಿನ ಮಡಿಕೆ ಒಳಗೆ ಹೆಚ್ಚೂಕಮ್ಮಿ ಕಪ್ಪು, ಮಡಿಕೆ ಮೇಲೆ ಆಕಾಶದ ಹಾಗೆ ತಿಳಿ ನೀಲಿ, ಮೂಗಿನ ತುದಿಗೆ ಬೆಣ್ಣೆ ಬಣ್ಣದ ಚುಕ್ಕೆ. ಮನುಷ್ಯ ಹೆಬ್ಬೆರಳಷ್ಟು ಆದಾಗ ಅವನ ಮೇಲೆ ಬೀಳೋ ಬೆಳಕೂ ಅಷ್ಟೇ ಚಿಕ್ಕದಾಗತ್ತೆ. ಅದಕ್ಕೇ ಬೆಳಕನ್ನೂ ನಾವೇ ಬಳೀಬೇಕು, ನೆರಳನ್ನೂ ನಾವೇ ಬಳೀಬೇಕು. ಇಷ್ಟು ವರ್ಷ ಅವನು ದಿನಾ ಒಂದು ಹೆಜ್ಜೆ ಹಿಂದೆ ಹೋಗಿ ಹೋಗಿ ಯಾಕೆ ನೋಡ್ತಿದ್ದ, ಊಟಕ್ಕೆ ಕರೆದ್ರೂ ಯಾಕೆ ಬರ್ತಿರಲಿಲ್ಲ ಅನ್ನೋದು ಅವಳಿಗೆ ಅವತ್ತು ಅರ್ಥ ಆಯ್ತು. ತಪಸ್ಸು ಕಣ್ರೀ ಅದು. ನಾನೂ ಹಿಂದೆ ಅದನ್ನ ಹುಡುಗಾಟ ಅಂತ ಮೂಗು ಮುರಿದೋನೇ.

ಮಾಡಿದ್ದಷ್ಟನ್ನೂ ಸ್ಪಿರಿಟಲ್ಲಿ ತೊಳೆದು ಮತ್ತೆ ಶುರು ಹಚ್ಕೊಂಡ್ಳು. ಈ ಸಲ ಕೈ ಕೂತಿತು. ಒಂದೇ ಒಂದು ಎಡವಟ್ಟು. ಆ ಹಿಂಗಾವಲಿನೋರೆಲ್ಲ ಬಾಯ್ತೆರೆದು ಕೂಗ್ತಾ ಇರೋ ಹಾಗೆ ಎರಕ ಹೊಯ್ದಿದ್ರು. ಲಿಫ್ಟಣ್ಣ ಆಗಿದ್ರೆ ಬಾಯೊಳಗೆ ಒಂದು ಕಪ್ಪು ಚುಕ್ಕೆ ಇಟ್ಟು ಮುಂದಕ್ಕೆ ಹೋಗ್ತಿದ್ದ. ಹಲ್ಲಮ್ಮನಿಗೆ ಖಾಲಿ ಬಾಯಿ ಕಂಡ್ರೆ ಸುಮ್ಮನಿರೋಕಾಗತ್ತಾ? ಒಬ್ಬೊಬ್ಬನಿಗೂ ಹಲ್ಲು ಕೂರಿಸಿದ್ಳು. ಅದೂ ಸುಣ್ಣದ ಬಿಳಿಯಲ್ಲ, ವಯಸ್ಸಿಗೆ ತಕ್ಕ ಹಾಗೆ. ಹುಡುಗರಿಗೆ ಹಾಲುಬಣ್ಣ, ಸಾರ್ಜೆಂಟಿಗೆ ಹೊಗೆಸೊಪ್ಪಿನ ಹಳದಿ, ಡೋಲು ಬಡಿಯೋ ಮುದುಕನಿಗೆ ಮುಂದೊಂದು ಕಿಂಡಿ. ದೂರದಿಂದ ನೋಡಿದ್ರೆ ಇಡೀ ಪಟಾಲಂ ಹಲ್ಲು ಕಿಸಿದು ನಗ್ತಾ ಇದೆ. ಮಗಳು ಹೊಟ್ಟೆ ಹಿಡ್ಕೊಂಡು ನಕ್ಕಳು. ಇವರನ್ನ ನೋಡಿದ್ರೆ ಚಿಕ್ಕಪ್ಪ ದಾಳ ಬಿಟ್ಟು ಬ್ರಷ್ಷು ಹಿಡೀತಾರೆ ಅಂದ್ಳು. ನಗಲಿ ಬಿಡೇ, ಸಾಯೋಕೆ ನಿಲ್ಲಿಸಿದಾರೆ, ನಗೋಕೂ ಬೇಡ್ವಾ ಅಂದ್ಳಂತೆ ಇವಳು.

ಬಂತು ದೊಡ್ಡ ಕಾಳಗ. ಮಹಡಿ ತುಂಬಾ ಜನ. ಹೆಂಗಸು ಸೇನಾಪತಿ ಅಂತ ಕೆಳಗಿನ ಟೈರು ಅಂಗಡಿಯೋರೂ ಕೈ ಒರೆಸ್ಕೊಂಡು ಮೇಲೆ ಬಂದ್ರು. ಅವಳು ಬಟ್ಟೆ ಸುತ್ತಿದ ಡಬ್ಬಗಳನ್ನ ಬಿಚ್ಚಿ ಒಬ್ಬೊಬ್ಬರನ್ನೇ ಮೇಜಿಗಿಟ್ಟಾಗ ಗಲಾಟೆ ತಾನಾಗೇ ಇಳೀತು. ಯಾವುದು ಗಂಡ ಹಚ್ಚಿದ್ದು, ಯಾವುದು ಹೆಂಡತಿ ಹಚ್ಚಿದ್ದು ಗೊತ್ತಾಗ್ತಿರಲಿಲ್ಲ, ಹಲ್ಲು ನೋಡಿದ್ರೆ ಮಾತ್ರ ಗೊತ್ತಾಗೋದು. ಮೇಷ್ಟ್ರು ಬಗ್ಗಿ, ಕನ್ನಡಕ ಮೇಲೆತ್ತಿ, ಆ ಡೋಲಿನ ಮುದುಕನ ಕಿಂಡಿ ಹಲ್ಲು ನೋಡಿ, ಅವಳಿಗೆ ಕೈ ಮುಗಿದ್ರು.

ಆದ್ರೆ ಆಟ ಅವಳಿಗೆ ನೆಟ್ಟಗೆ ಬರ್ತಿರಲಿಲ್ಲ, ಅದು ನಿಜ. ಗಂಡನ ಕುದುರೆ ಪಡೆಯನ್ನ ಮೊದಲ ಸುತ್ತಲ್ಲೇ ಗುಡ್ಡ ಹತ್ತಿಸಿ, ಕೆಂಪು ಫಿರಂಗಿ ಬಾಯಿಗೆ ಕೊಟ್ಟುಬಿಟ್ಳು. ಚಿನ್ನದ ಎಳೆಯೋರು ಚೆಲ್ಲಾಪಿಲ್ಲಿ. ಹಿಂಗಾವಲನ್ನ ನಿಲ್ಲಿಸುವಾಗ ಇನ್ನೊಂದು ತಮಾಷೆ ಆಯ್ತು. ಎಲ್ರೂ ಗೆರೆ ಎಳೆದ ಹಾಗೆ ನಿಲ್ಲಿಸ್ತಾರೆ. ಇವಳ ಕೈಗೆ ಗೊತ್ತಿರೋದು ಒಂದೇ ಆಕಾರ. ಸೇತುವೆ ಬಾಯಿ ಸುತ್ತ ದವಡೆ ಹಾಗೆ ಬಾಗಿಸಿ ನಿಲ್ಲಿಸಿದ್ಳು, ಎರಡು ತುದಿ ನದಿಗೆ ತಾಗಿಸಿ, ದಪ್ಪ ಆಳುಗಳು ಒಳಗೆ, ಸಣ್ಣೋರು ಮುಂದೆ. ಮೈದುನ ತಲೆ ಕೆರ್ಕೊಂಡ. ಇಂಥ ವ್ಯೂಹ ಎಲ್ಲೂ ಇಲ್ವಲ್ಲ ಮೇಷ್ಟ್ರೇ ಅಂದ. ಇಲ್ಲ, ಆದ್ರೆ ಬೇಡ ಅಂತಲೂ ಎಲ್ಲೂ ಇಲ್ಲ ಅಂದ್ರು ಮೇಷ್ಟ್ರು.

ಆ ದವಡೆಯನ್ನ ಪಕ್ಕದಿಂದ ಕಚ್ಚೋಕೆ ಮೈದುನನಿಗೆ ಜಾಗವೇ ಸಿಗಲಿಲ್ಲ, ಎಲ್ಲಿ ನುಗ್ಗಿದ್ರೂ ಎದುರಿಗೆ ಮುಖ. ಮಧ್ಯಾಹ್ನ ಪೂರ್ತಿ ಗುದ್ದಾಡಿದ. ನೀಲಿ ಪಡೆ ಒಂದೊಂದಾಗಿ ಸೇತುವೆ ದಾಟ್ತಾ ಹೋಯ್ತು. ಆದ್ರೆ ಬೇರೆ ಕಡೆ ಹೊಡೆತ ಬಿದ್ದು ಕೆಲವು ಪಟಾಲಂ ಓಡಿಹೋದ್ವು. ಕೊನೆ ಸುತ್ತಿನ ಹೊತ್ತಿಗೆ ಲೆಕ್ಕ ತಕ್ಕಡಿ ಮುಳ್ಳಿನ ಮೇಲೆ ಬಂದು ಕೂತಿತ್ತು. ಇನ್ನೊಂದು ಪಟಾಲಂ ಓಡಿದ್ರೆ ಅರ್ಧ ದಾಟತ್ತೆ, ಸೈನ್ಯ ಹಂಚಿಕೆಗೆ. ಈ ಕಡೆ ದಡದಲ್ಲಿ ಉಳಿದಿದ್ದು ಹಿಂಗಾವಲು ಮಾತ್ರ, ಎದುರಿಗೆ ಕೆಂಪು ಕುದುರೆ.

ಸೇತುವೆ ಸುಡ್ತೀರಾ ಅಂತ ಮೇಷ್ಟ್ರು ಕೇಳಿದ್ರು.

ಸುಡೋದು ಅಂದ್ರೆ ಬೆಂಕಿ ಹಚ್ಚೋದಲ್ಲ ಮಾರಾಯ್ರೆ, ಮರದ ಸೇತುವೆಯನ್ನ ಕೈಯಲ್ಲಿ ಎತ್ತಿ ಪಕ್ಕಕ್ಕಿಡೋದು. ಎತ್ತಿದ್ರೆ ಆಟ ಅಲ್ಲಿಗೆ ಮುಗೀತು. ಹಿಂಗಾವಲಿನೋರು ಸೆರೆ ಸಿಕ್ಕ ಲೆಕ್ಕ, ಓಡಿದ ಲೆಕ್ಕವಲ್ಲ. ಕೆಂಪಿನೋರು ನದಿ ದಾಟೋ ಹಾಗಿಲ್ಲ, ಅದಕ್ಕೇ ನೀಲಿಗೆ ಗೆಲುವು, ಸೈನ್ಯ ಹಲ್ಲಮ್ಮಂದು. ಲಿಫ್ಟಣ್ಣ ಪ್ರತಿ ವರ್ಷ ಹಾಗೇ ಮಾಡ್ತಿದ್ದ. ಪಟ್ಟನೆ ಎತ್ತಿ, ಕೈ ಕೊಡವಿ, ಟೀ ಲೋಟಕ್ಕೆ ಕೈ ಹಾಕೋನು.

ಹಲ್ಲಮ್ಮ ಕೈ ನೀಡಿದ್ಳು. ಎರಡು ಬೆರಳು ಸೇತುವೆ ಮೇಲಿತ್ತು. ಅಷ್ಟು ಹತ್ತಿರ ಬಗ್ಗಿದಾಗ ಅವರ ಮುಖ ಕಾಣಿಸ್ತು. ಸಾರ್ಜೆಂಟು, ಹಾಲುಹಲ್ಲಿನ ಹುಡುಗರು, ಕಿಂಡಿ ಹಲ್ಲಿನ ಮುದುಕ. ಒಬ್ಬೊಬ್ಬನ ಜೊತೇಲೂ ಅವಳು ಒಂದೊಂದು ಬೆಳಿಗ್ಗೆ ಕಳೆದಿದ್ಳು. ಕೈ ಅಲ್ಲೇ ನಿಂತಿತು. ಗಂಡ ಅಷ್ಟೊಂದು ವರ್ಷ ಇವರನ್ನ ಯಾಕೆ ಬರೀ ಸೀಸವಾಗೇ ಬಿಟ್ಟಿದ್ದ, ಎರವಲು ಸಿಪಾಯಿಗಳನ್ನ ಯಾಕೆ ತರ್ತಿದ್ದ ಅನ್ನೋದು ಅವಳಿಗೆ ಹೊಳೀತು. ಸೋಮಾರಿತನ ಅಲ್ಲ ಅದು. ಯಾರದ್ದೋ ಸಿಪಾಯಿಗಳನ್ನ ಬಿಟ್ಟು ಬರಬಹುದು. ಒಂದು ಸಲ ಮುಖಕ್ಕೆ ಬಣ್ಣ ಹಚ್ಚಿದ ಮೇಲೆ ಅವನ ಕೈಲೂ ಸೇತುವೆ ಏಳ್ತಿರಲಿಲ್ಲ.

ಬೆರಳು ಹಿಂದಕ್ಕೆ ತಗೊಂಡ್ಳು. "ಸುಡಲ್ಲ," ಅಂದ್ಳು.

ಮೈದುನನಿಗೆ ತನ್ನ ಕಿವಿ ಮೇಲೇ ನಂಬಿಕೆ ಬರಲಿಲ್ಲ. ಆ ಕುದುರೆಗಳಿಗೆ ವರ್ಷಗಟ್ಟಲೆ ಆಸೆ ಪಟ್ಟೋನು, ತಾನಾಗೇ ಸಿಗೋ ಹೊತ್ತಲ್ಲಿ ಅವನೇ ತಡೆಯೋಕೆ ಬಂದ ನೋಡಿ.

"ಅತ್ತಿಗೆ, ಸುಟ್ರೆ ನೀವು ಗೆದ್ದ ಹಾಗೆ. ನಾನು ನುಗ್ಗಿ ಇವರು ಓಡಿದ್ರೆ ಎಲ್ಲಾ ಹೋಗತ್ತೆ. ಸುಮ್ನೆ ಎತ್ತಿಬಿಡಿ."

"ಎತ್ತಿದ್ರೆ ಇವರು ಈ ಕಡೇನೇ ಉಳೀತಾರಲ್ಲಪ್ಪ."

"ಆಟ ಅತ್ತಿಗೆ ಇದು. ಸಂಜೆ ಎಲ್ರೂ ಡಬ್ಬದಲ್ಲೇ ಮಲಗೋದು."

"ಆಟ ಅಂತ ನಂಗೂ ಗೊತ್ತು ಕಣೋ. ನಿನ್ನ ಕುದುರೆ ಬಿಡು ನೀನು."

ಬಿಟ್ಟ. ಬಿಡಲೇಬೇಕು. ಟೇಪು ಹಿಡಿದು ಅಳೆದು, ಕೆಂಪು ಕುದುರೆಗಳನ್ನ ದವಡೆ ಮುಂಭಾಗಕ್ಕೆ ತಂದು ತಾಗಿಸಿದ. ಭಾನುವಾರ ನೋಡೋಕೆ ಹೋಗ್ತಿದ್ದ ನಮ್ಮೆಲ್ಲರಿಗೂ ಒಂದು ನಂಬಿಕೆ, ಹೊಸದಾಗಿ ಬಣ್ಣ ಹಚ್ಚಿದ ಪಟಾಲಂ ಮೊದಲ ಯುದ್ಧದಲ್ಲಿ ಓಡೇ ಓಡತ್ತೆ ಅಂತ. ನೂರಾರು ಸಲ ನೋಡಿದೀವಿ. ಮೇಷ್ಟ್ರು ಎರಡು ದಾಳ ಅವಳ ಕೈಗಿಟ್ಟು, ಎರಡೂ ಕೂಡಿ ಒಂಬತ್ತಕ್ಕೆ ಕಮ್ಮಿ ಬಿದ್ರೆ ಓಟ ಅಂದ್ರು.

ಉರುಳಿಸಿದ್ಳು. ಒಂದು ದಾಳ ಐದು ಅಂತ ನಿಂತಿತು. ಇನ್ನೊಂದು ಹೋಗಿ ಮೇಜಿನ ಮೇಲಿದ್ದ ರಟ್ಟಿನ ತೋಟದ ಗೋಡೆಗೆ ಒರಗಿ ಓರೆಯಾಗಿ ನಿಂತಿತು, ಮೇಲೆ ಕಾಣ್ತಾ ಇದ್ದಿದ್ದು ಆರು. ಜನ ಹೋ ಅಂದ್ರು. ಮೇಷ್ಟ್ರು ಕೈ ಎತ್ತಿದ್ರು. ಓರೆ ದಾಳ ಲೆಕ್ಕಕ್ಕಿಲ್ಲ, ಅದೊಂದನ್ನ ಮತ್ತೆ ಉರುಳಿಸಿ. ಟೈರು ಅಂಗಡಿಯೋನು ಅನ್ಯಾಯ ಅಂತ ಬಾಯಿ ಮಾಡೋಕೆ ಹೋದ, ಹಲ್ಲಮ್ಮನೇ ಅವನನ್ನ ಸುಮ್ಮನಿರಿಸಿದ್ಳು. ಅಚ್ಚು ಕೆಟ್ರೆ ಇನ್ನೊಂದು ತೆಗೀತೀವಿ, ಅದಕ್ಕೇನಂತೆ ಅಂದ್ಳು. ದಾಳ ತಗೊಂಡು, ಸೆರಗಲ್ಲಿ ಒರೆಸಿ, ಮತ್ತೆ ಉರುಳಿಸಿದ್ಳು.

ನಾಲ್ಕು ಬಿತ್ತು.

ಐದು ನಾಲ್ಕು ಒಂಬತ್ತು. ಸರಿಯಾಗಿ ಒಂಬತ್ತು ಅಂದ್ರೆ ಪಡೆ ಓಡಲ್ಲ, ಹಿಂದೆ ಸರಿಯತ್ತೆ. ಮೈದುನನೇ ತನ್ನ ಕೈಯಾರೆ ಆ ನೀಲಿ ಸಿಪಾಯಿಗಳನ್ನ ಒಬ್ಬೊಬ್ಬರನ್ನೇ ಎತ್ತಿ, ಮುಖ ಶತ್ರು ಕಡೆಗೇ ಇರೋ ಹಾಗೆ, ಸೇತುವೆ ಮೇಲೆ ಹಿಂದಕ್ಕೆ ಸರಿಸಿದ. ಕೊನೆಯೋನ ಕಾಲು ಆ ದಡ ಮುಟ್ಟಿತು. ಸೇತುವೆ ಕೆಂಪಿನೋರ ಪಾಲು. ಮೇಷ್ಟ್ರು ಕೆಂಪಿಗೆ ಗೆಲುವು ಅಂತ ಸಾರಿದ್ರು, ಆಮೇಲೆ ಅದೇ ಉಸಿರಲ್ಲಿ, ನೀಲಿ ಸೈನ್ಯ ನಿಂತಿದೆ, ಹಂಚಿಕೆ ಇಲ್ಲ ಅಂದ್ರು. ಗೆದ್ದೋನಿಗೆ ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ, ಪಾಪ. ಅವನೂ ನಮ್ಮ ಜೊತೆ ಸೇರಿ ಅತ್ತಿಗೆಗೆ ತಟ್ತಾ ಇದ್ದ.

ಜನ ಕರಗಿದ ಮೇಲೆ ಅವನೇ ಡಬ್ಬ ತುಂಬೋಕೆ ಕೂತ. ಚಿನ್ನದ ಎಳೆಯ ಕುದುರೆಗಳನ್ನ ಒಂದೊಂದಾಗಿ ಬಟ್ಟೇಲಿ ಸುತ್ತಿ ಅವಳ ಕಡೆ ಸರಿಸಿದ. ಅಣ್ಣ ಇದ್ದಿದ್ರೆ ಸುಟ್ಟೇಬಿಡ್ತಿದ್ದ ಅತ್ತಿಗೆ ಅಂದ.

"ಅವರು ಇವರ ಮುಖ ನೋಡಿರಲಿಲ್ಲಪ್ಪ," ಅಂದ್ಳು ಹಲ್ಲಮ್ಮ.

ಅವನು ಕೈಲಿದ್ದ ಕುದುರೆಯನ್ನ ಬೆಳಕಿಗೆ ಹಿಡಿದ. ಆಮೇಲೆ ಕೇಳಿದ್ನಂತೆ, ಈ ಕುದುರೆ ಕತ್ತಿನ ಬೆವರು ಹೇಗೆ ಬರಿಸೋದು, ನನಗೂ ಹೇಳ್ಕೊಡ್ತೀರಾ ಅಂತ. ನಂಗೂ ಗೊತ್ತಿಲ್ಲ, ಬಾ, ಇಬ್ರೂ ಸೇರಿ ಹುಡುಕೋಣ ಅಂದ್ಳಂತೆ. ಮುಂದಿನ ಶನಿವಾರದಿಂದ ಔಷಧಿ ಅಂಗಡಿ ಬೆಳಿಗ್ಗೆ ತಡವಾಗಿ ಬಾಗಿಲು ತೆಗೀತಾ ಇತ್ತು. ಕೆಮ್ಮಿನ ಔಷಧಿಗೆ ಬಂದೋರೆಲ್ಲ ಹೊರಗೆ ನಿಂತು ಬೈಕೋತಾ ಇದ್ರು, ನಾನೂ ಅವರಲ್ಲೊಬ್ಬ.

ಇಷ್ಟೇ. ಈಗ ನೀವೊಂದು ಕೆಲಸ ಮಾಡಿ. ನಿಮ್ಮ ಪೈಕಿ ಯಾರಾದ್ರೂ ಮೂಲೇಲಿ ಕೂತು ಏನೋ ಒಂದು ಸಣ್ಣ ಕೆಲಸಕ್ಕೆ ಕಣ್ಣು ಸವೆಸ್ತಾ ಇರ್ತಾರೆ, ಅಂಥೋರಿಗೆ ಇದನ್ನ ಕಳಿಸಿ. ನಾನು ಹೇಳಿದ ಹಾಗೇ ಕಳಿಸಿ, ಮಧ್ಯ ಕತ್ತರಿ ಹಾಕಬೇಡಿ. ಆ ಮರೆವು ಅಂತ ಬರೆದ ಮಹಾನುಭಾವನಿಗೂ ಒಂದು ಕಳಿಸಿ.